ಕಾಡಲ್ಲೇ ಪಾಠ ಹೇಳಿದ ಮೇಷ್ಟ್ರು

ನಂಜನಗೂಡಿನ ನಮ್ಮ ತಾತನ ತೋಟದಲ್ಲಿ ರಸಬಾಳೆ ಸೊರಗು ರೋಗಕ್ಕೆ ಅಳಿದುಹೋಯಿತು. ಅದಕ್ಕೇ ನಾನು ಸಸ್ಯಶಾಸ್ತ್ರ ಆರಿಸಿಕೊಂಡೆ. ಕೆಲಸ ಸಿಗುತ್ತಾ ಎಂದು ತಾತ ಕೇಳಿದಾಗ ಉತ್ತರವಿರಲಿಲ್ಲ.

ಆಗ ಕೈಹಿಡಿದದ್ದು ಬಿ.ಜಿ.ಎಲ್. ಸ್ವಾಮಿ ಅವರ ಬದುಕು. ಡಿ.ವಿ.ಜಿ. ಅವರ ಈ ಮಗ ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ ಬಂದು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾದರು. ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟಕ್ಕೆ ಕರೆದೊಯ್ದು ಗಿಡದ ಮುಂದೆಯೇ ಪಾಠ ಹೇಳಿದರು. ಆ ಅಲೆದಾಟವೇ ‘ಹಸುರು ಹೊನ್ನು’ ಪುಸ್ತಕವಾಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಸ್ವಾಮಿ ತೀರಿಕೊಂಡರು.

ಈಗ ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ನಂಜನಗೂಡಿನಿಂದ ತಿ.ನರಸೀಪುರದವರೆಗೆ ತೋಟ ತೋಟ ಸುತ್ತಿ, ರೋಗವಿಲ್ಲದ ರಸಬಾಳೆ ಕಂದುಗಳನ್ನು ಹುಡುಕುತ್ತಿದ್ದೇನೆ. ತಾತನ ಪ್ರಶ್ನೆ ಹಾಗೇ ಇದೆ. ಆದರೆ ಮೊನ್ನೆ ಹಳೆಯ ತೋಟವೊಂದರ ದಾರಿ ಹೇಳಿದ್ದು ಅವರೇ.