ಬಣ್ಣದ ದೋಷ ನೀಗಿಸಿದ ಎರ್ನ್‌ಸ್ಟ್ ಅಬ್ಬೆ



ತಾವು ಆಳಂದ, ಅಫಜಲಪುರ ಇಲ್ಲವೇ ಜೇವರ್ಗಿಯ ಯಾವುದಾದರೂ ಮದುವೆಗೆ ಹೋದಾಗ ಫೋಟೊಗ್ರಾಫರನ ಕ್ಯಾಮೆರಾದ ಉದ್ದನೆಯ ಲೆನ್ಸನ್ನು ಒಮ್ಮೆ ಗಮನಿಸಿರಿ. ಕೆಲವು ಲೆನ್ಸುಗಳ ಮೇಲೆ ‘ಅಪೊ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ‘ಅಪೊಕ್ರೊಮ್ಯಾಟ್’ ಎಂಬುದರ ಮೊಟಕು ರೂಪವದು. ಗ್ರೀಕ್ ಮೂಲದ ಈ ಪದದ ಅರ್ಥ ಬಣ್ಣದಿಂದ ದೂರವಾದದ್ದು ಎಂದು. ಇದನ್ನು ಬಳಕೆಗೆ ತಂದವರು ಜರ್ಮನಿಯ ಎರ್ನ್‌ಸ್ಟ್ ಅಬ್ಬೆ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಹೆಸರು ನೆನಪಿಡಲು ನಮ್ಮ ಮಕ್ಕಳಿಗೆ ಕಷ್ಟವಾಗದು.

ಅವರು ಹುಟ್ಟಿದ್ದು 1840ರ ಜನವರಿ 23ರಂದು, ಐಸೆನಾಖ್ ಊರಿನಲ್ಲಿ. ತಂದೆ ನೂಲಿನ ಗಿರಣಿಯ ಕೆಲಸಗಾರ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ತಾಸು ದುಡಿತ, ಊಟಕ್ಕೂ ಬಿಡುವಿಲ್ಲ. ಬಾಲಕ ಅಬ್ಬೆ ಬುತ್ತಿ ಒಯ್ದರೆ ತಂದೆ ಯಂತ್ರಕ್ಕೆ ಒರಗಿ ನಿಂತಲ್ಲೇ ಉಂಡು ಪಾತ್ರೆ ಹಿಂದಿರುಗಿಸುತ್ತಿದ್ದರು. ಈ ದೃಶ್ಯವನ್ನು ಮಗ ಕೊನೆಯವರೆಗೂ ಮರೆಯಲಿಲ್ಲ. ಗಿರಣಿ ಮಾಲೀಕರ ನೆರವಿನಿಂದ ಓದು ಮುಂದುವರಿಯಿತು. 1861ರಲ್ಲಿ ಗ್ಯೋಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು, 1863ರಿಂದ ಯೇನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು.

ಅದೇ ಊರಿನಲ್ಲಿ ಕಾರ್ಲ್ ಝೈಸ್ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದರು. ಲೆನ್ಸುಗಳನ್ನು ಹೊಂದಿಸುವುದು ಆಗ ಬಹುತೇಕ ಕೈಯಂದಾಜಿನ ಕೆಲಸ. ಅದನ್ನು ಲೆಕ್ಕಾಚಾರಕ್ಕೆ ಒಳಪಡಿಸಲು ಝೈಸ್ 1866ರಲ್ಲಿ ಅಬ್ಬೆಯವರನ್ನು ಕರೆದರು.

ತೊಡಕು ಏನಿತ್ತು? ಬಿಳಿ ಬೆಳಕಿನಲ್ಲಿ ಹಲವು ಬಣ್ಣಗಳಿವೆ. ಗಾಜಿನಲ್ಲಿ ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಹಾಗಾಗಿ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಉರಿಬಿಸಿಲಿನಲ್ಲಿ ಬಿಳಿ ಮಿನಾರಿನ ಫೋಟೊ ತೆಗೆದರೆ ಅಂಚಿನಲ್ಲಿ ನೇರಳೆ ಗೆರೆ ಕಾಣುವುದು ಸಾಮಾನ್ಯವಾಗಿ ಇದರಿಂದಲೇ. ಎರಡು ಬಗೆಯ ಗಾಜು ಜೋಡಿಸಿ ಎರಡು ಬಣ್ಣಗಳನ್ನು ಕೂಡಿಸುವುದು ಮೊದಲೇ ಗೊತ್ತಿತ್ತು; ಮೂರನೆಯದು ಕೈಗೆ ಸಿಗುತ್ತಿರಲಿಲ್ಲ. ಲೆಕ್ಕ ಸರಿಯಿದ್ದರೂ ಅದಕ್ಕೆ ತಕ್ಕ ಗಾಜೇ ಇರಲಿಲ್ಲವೆನ್ನಿ! 1879ರಲ್ಲಿ ಓಟೊ ಶಾಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ತಾನು ಕರಗಿಸಿದ ಹೊಸ ಗಾಜಿನ ಕುರಿತು ಅಬ್ಬೆಯವರಿಗೆ ಪತ್ರ ಬರೆದ. ಇಬ್ಬರೂ ಕೂಡಿ ದುಡಿದರು. 1884ರಲ್ಲಿ ಯೇನಾದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಹೊಸ ಗಾಜಿನ ಜೊತೆಗೆ ಫ್ಲೋರೈಟ್ ಎಂಬ ಸ್ಫಟಿಕವನ್ನೂ ಬಳಸಿ, 1886ರಲ್ಲಿ ಮೂರು ಬಣ್ಣಗಳನ್ನು ಒಂದೆಡೆ ಕೂಡಿಸುವ ಸೂಕ್ಷ್ಮದರ್ಶಕದ ಲೆನ್ಸನ್ನು ಹೊರತಂದರು. ಅದೇ ಅಪೊಕ್ರೊಮ್ಯಾಟ್.

ಅಬ್ಬೆಯವರ ವ್ಯಾಖ್ಯೆ ಬಿಗಿಯಾದುದು. ಇಂದಿನ ಕ್ಯಾಮೆರಾ ಕಂಪನಿಗಳದು ಅಷ್ಟು ಬಿಗಿಯಲ್ಲ. ಈ ಪದ ಬಳಸಲು ಎಲ್ಲರನ್ನೂ ಕಟ್ಟಿಹಾಕುವ ನಿಯಮವಿಲ್ಲ. ಲೈಕಾ, ಫೊಕ್ಟ್‌ಲೆಂಡರ್ ಕಂಪನಿಗಳು ಕೆಲವೇ ಲೆನ್ಸುಗಳ ಹೆಸರಿನಲ್ಲಿ ಇದನ್ನು ಸೇರಿಸುತ್ತವೆ. ಸಿಗ್ಮಾ ಕಂಪನಿ ಹಿಂದೆ ಅಗ್ಗದ ಝೂಮ್ ಲೆನ್ಸಿನ ಮೇಲೂ ಬರೆಯುತ್ತಿತ್ತು. ನಿಕಾನ್ ‘ಇ.ಡಿ.’ ಎಂದೂ ಕ್ಯಾನನ್ ‘ಯು.ಡಿ.’ ಎಂದೂ ಹೇಳುತ್ತವೆ. ಅವು ಬಳಸಿದ ಗಾಜಿನ ಹೆಸರುಗಳೇ ಹೊರತು ಮೂರು ಬಣ್ಣ ಕೂಡಿದವೆಂಬ ಭರವಸೆಯಲ್ಲ. ಆದ್ದರಿಂದ ಕೊಳ್ಳುವವರು ಅಕ್ಷರಗಳನ್ನಷ್ಟೇ ನಂಬದೆ, ಆಕಾಶದೆದುರಿನ ಮರದ ಕೊಂಬೆಯ ಫೋಟೊ ತೆಗೆದು ಅಂಚನ್ನು ಪರೀಕ್ಷಿಸುವುದು ಲೇಸು.

1888ರಲ್ಲಿ ಝೈಸ್ ತೀರಿಕೊಂಡರು. ಕಂಪನಿ ಅಬ್ಬೆಯವರ ಕೈಗೆ ಬಂತು. ಅವರು ಬಯಸಿದ್ದರೆ ಭಾರೀ ಶ್ರೀಮಂತರಾಗಿ ಉಳಿಯಬಹುದಿತ್ತು. 1889ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿ, 1891ರಲ್ಲಿ ತಮ್ಮ ಪಾಲನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟರು. ತಮ್ಮ ಹೆಸರನ್ನೂ ಇಡಲಿಲ್ಲ. ಲಾಭದಲ್ಲಿ ಯೇನಾ ವಿಶ್ವವಿದ್ಯಾಲಯಕ್ಕೆ ಪಾಲು, ಕಾರ್ಮಿಕರಿಗೆ ಪಿಂಚಣಿ ಹಾಗೂ ಸಂಬಳಸಹಿತ ರಜೆ. ನೌಕರಿ ಕೊಡುವಾಗ ಕುಲ, ಧರ್ಮ, ಪಕ್ಷ ನೋಡಬಾರದೆಂದು ನಿಯಮಾವಳಿಯಲ್ಲೇ ಬರೆಸಿದರು. 1900ರಲ್ಲಿ ಎಂಟು ತಾಸಿನ ದುಡಿಮೆ ಜಾರಿಗೆ ತಂದರು. ಉತ್ಪಾದನೆ ಇಳಿಯಲಿಲ್ಲ, ತುಸು ಏರಿತು. ಯಂತ್ರಕ್ಕೆ ಒರಗಿ ಉಂಡ ತಂದೆ ಅವರ ಕಣ್ಣ ಮುಂದೆ ಇದ್ದಿರಬೇಕು.

1905ರ ಜನವರಿ 14ರಂದು ಯೇನಾದಲ್ಲಿ ಅಬ್ಬೆ ನಿಧನರಾದರು. ಝೈಸ್ ಮತ್ತು ಶಾಟ್ ಕಂಪನಿಗಳ ಒಡೆತನ ಇಂದಿಗೂ ಆ ಪ್ರತಿಷ್ಠಾನದ್ದೇ.