ಹಸುಳೆಗಳ ಶ್ವಾಸಕೋಶ ಸೋಂಕಿಗೆ ಬಣ್ಣದ ಸುಳಿವಿತ್ತ ಗ್ರಾಂ

ಪ್ರಯೋಗಾಲಯದ ವರದಿಗಳಲ್ಲಿ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಎಂಬ ಪದಗಳನ್ನು ಅನೇಕರು ಕಂಡಿರುತ್ತಾರೆ. ಈ ಗ್ರಾಂ ತೂಕದ ಅಳತೆಯಲ್ಲ. ಡೆನ್ಮಾರ್ಕ್‌ನ ವೈದ್ಯರೊಬ್ಬರ ಹೆಸರು.

ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1853ರ ಸೆಪ್ಟೆಂಬರ್ 13ರಂದು ಕೋಪನ್‌ಹೇಗನ್‌ನಲ್ಲಿ ಕಾನೂನು ಪ್ರಾಧ್ಯಾಪಕರೊಬ್ಬರ ಮಗನಾಗಿ ಜನಿಸಿದರು. ಸಸ್ಯಶಾಸ್ತ್ರದ ಅಭ್ಯಾಸ ಅವರಿಗೆ ಸೂಕ್ಷ್ಮದರ್ಶಕದ ಪರಿಚಯ ಮಾಡಿಕೊಟ್ಟಿತು. 1878ರಲ್ಲಿ ವೈದ್ಯಕೀಯ ಪದವಿ ಪಡೆದ ಅವರು ಮುಂದೆ ಬರ್ಲಿನ್‌ಗೆ ತೆರಳಿ, ಕಾರ್ಲ್ ಫ್ರೀಡ್‌ಲ್ಯಾಂಡರ್ ಅವರ ಪ್ರಯೋಗಾಲಯದಲ್ಲಿ ನ್ಯುಮೋನಿಯಾದಿಂದ ಮೃತಪಟ್ಟವರ ಶ್ವಾಸಕೋಶಗಳ ಪರೀಕ್ಷೆಯಲ್ಲಿ ತೊಡಗಿದರು.

ಅಂದಿನ ತೊಡಕು ಒಂದೇ. ಬಣ್ಣ ಹಾಕಿದರೆ ಬ್ಯಾಕ್ಟೀರಿಯಾದೊಡನೆ ಅಂಗಾಂಶವೂ ಬಣ್ಣ ಹಿಡಿಯುತ್ತಿತ್ತು. ಗ್ರಾಂ ನೇರಳೆ ಬಣ್ಣದ ಬಳಿಕ ಅಯೋಡಿನ್ ದ್ರಾವಣ ಬಳಸಿ, ಆಲ್ಕೋಹಾಲಿನಿಂದ ತೊಳೆದರು. ಅಂಗಾಂಶ ಬಣ್ಣ ಬಿಟ್ಟಿತು. ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿಯಿತು. ಆದರೆ ಕೆಲವು ಬ್ಯಾಕ್ಟೀರಿಯಾಗಳೂ ಬಣ್ಣ ಕಳೆದುಕೊಂಡವು. 1884ರಲ್ಲಿ ವಿಧಾನವನ್ನು ಪ್ರಕಟಿಸುವಾಗ ಅದು ಅಪೂರ್ಣವೆಂದು ಅವರೇ ಒಪ್ಪಿಕೊಂಡಿದ್ದರು.

ಆ ಕೊರತೆಯೇ ಮುಂದೆ ವರವಾಯಿತು. ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾಗಳು ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವು ಗ್ರಾಂ ಪಾಸಿಟಿವ್. ತೆಳು ಭಿತ್ತಿಯವು ಅದನ್ನು ಬಿಟ್ಟು, ನಂತರ ಹಾಕುವ ಕೆಂಪು ಬಣ್ಣವನ್ನು ಪಡೆಯುತ್ತವೆ; ಅವು ಗ್ರಾಂ ನೆಗೆಟಿವ್. ಎರಡಕ್ಕೂ ಆರಿಸಬೇಕಾದ ಔಷಧಿಗಳು ಬಹುಮಟ್ಟಿಗೆ ಬೇರೆ.

ಇದರ ಬೆಲೆ ತಿಳಿಯಬೇಕಾದರೆ ಇಂದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವನ್ನು ನೋಡಬೇಕು. ವೆಂಟಿಲೇಟರ್ ಆಸರೆಯಲ್ಲಿರುವ ಹಸುಳೆಗೆ ನ್ಯುಮೋನಿಯಾ ತಗುಲಿದ ಶಂಕೆ ಬಂದಾಗ, ಶ್ವಾಸನಾಳದ ಕೊಳವೆಯಿಂದ ಹೀರಿದ ದ್ರವವನ್ನು ಪರೀಕ್ಷೆಗೆ ಕಳುಹಿಸಲಾಗುತ್ತದೆ. ಕಲ್ಚರ್ ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು. ಗ್ರಾಂ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮೊದಲ ಸುಳಿವು ಕೊಡುತ್ತದೆ. ಭಾರತದ ಇಂತಹ ಘಟಕಗಳನ್ನು ಹೆಚ್ಚಾಗಿ ಕಾಡುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಲ್ಲಿ ಕ್ಲೆಬ್ಸಿಯೆಲ್ಲಾ ಒಂದು. ಅದರ ನ್ಯುಮೋನಿಯಾಕಾರಕ ಪ್ರಭೇದಕ್ಕೆ ಹಿಂದೆ ಫ್ರೀಡ್‌ಲ್ಯಾಂಡರ್ ಅವರ ಹೆಸರೇ ಇತ್ತು.

ಆದರೆ ಸುಳಿವು ತೀರ್ಪಲ್ಲ. ಕೊಳವೆ ಇಟ್ಟ ಕೆಲವು ದಿನಗಳಲ್ಲೇ ಬ್ಯಾಕ್ಟೀರಿಯಾ ಅಲ್ಲಿ ನೆಲೆಸುವುದರಿಂದ, ಅದು ಕಂಡ ಮಾತ್ರಕ್ಕೆ ರೋಗವಿದೆ ಎನ್ನಲಾಗದು. ದ್ರವದಲ್ಲಿನ ಬಿಳಿ ರಕ್ತಕಣಗಳು, ಎದೆಯ ಕ್ಷ-ಕಿರಣ ಚಿತ್ರ, ಮಗುವಿಗೆ ಬೇಕಾಗುವ ಆಮ್ಲಜನಕದ ಏರಿಳಿತ ಎಲ್ಲವನ್ನೂ ತಾಳೆ ನೋಡಬೇಕು. ಚಿಕಿತ್ಸೆ ತಡವಾದರೆ ಹಸುಳೆಯ ಪ್ರಾಣಕ್ಕೆ ಅಪಾಯ. ಅನಗತ್ಯ ಆಂಟಿಬಯೋಟಿಕ್ ಕೊಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಗ್ರಾಂ 1891ರಲ್ಲಿ ಕೋಪನ್‌ಹೇಗನ್‌ನಲ್ಲಿ ಔಷಧಶಾಸ್ತ್ರದ, 1900ರಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1923ರಲ್ಲಿ ನಿವೃತ್ತರಾಗಿ, 1938ರ ನವೆಂಬರ್ 14ರಂದು ನಿಧನರಾದರು. ಸತ್ತವರ ಶ್ವಾಸಕೋಶದಲ್ಲಿ ಅವರು ಹುಡುಕಿದ ಬಣ್ಣ, ಬದುಕಲು ಹೆಣಗುವ ಹಸುಳೆಗಳಿಗೆ ಇಂದಿಗೂ ನೆರವಾಗುತ್ತಿದೆ.