ಐದು ಟನ್‌ ಲೆಕ್ಕದ ಎಂಜಿನಿಯರ್

ಕಲಬುರಗಿಯಿಂದ ಪುಣೆಗೆ ಹೋಗುವಾಗ ಸೊಲ್ಲಾಪುರ ದಾಟಿದ ಮೇಲೆ ಕುರ್ಡುವಾಡಿ ಜಂಕ್ಷನ್ ಬರುತ್ತದೆ. ಅಲ್ಲಿಂದ ಬಾರ್ಸಿ ಊರಿಗೆ ಪುಟ್ಟ ರೈಲು ತಂದವನು ಎವರಾರ್ಡ್ ಕ್ಯಾಲ್ತ್ರಾಪ್.

1857ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆತ 1882ರಲ್ಲಿ ರೈಲ್ವೆ ಕೆಲಸಕ್ಕೆಂದು ಭಾರತಕ್ಕೆ ಬಂದ. ದೊಡ್ಡ ಹಳಿಯ ಖರ್ಚು ಸಣ್ಣ ಊರುಗಳಿಗೆ ಎಟುಕುವಂತಿರಲಿಲ್ಲ. ಆತ ಆರಿಸಿಕೊಂಡ ಅಗಲ 762 ಮಿಲಿಮೀಟರ್. ಆದರೆ ನಿಜವಾದ ಜಾಣತನ ಇದ್ದದ್ದು ಭಾರ ಹಂಚಿದ್ದರಲ್ಲಿ. ಎಂಜಿನ್ನೇ ಇರಲಿ, ಸರಕು ತುಂಬಿದ ವ್ಯಾಗನ್ನೇ ಇರಲಿ, ಒಂದು ಆಕ್ಸಲ್ ಮೇಲೆ ಐದು ಟನ್ ಮೀರಬಾರದು. ಹಾಗಾಗಿ ಗಜಕ್ಕೆ 30 ಪೌಂಡ್ ತೂಗುವ ಹಗುರ ಹಳಿಯೇ ಸಾಕಾಯಿತು. (ಮೆಕ್ಯಾನಿಕ್ಸ್ ತರಗತಿಯಲ್ಲಿ ಇದನ್ನು ಹೇಳಿದ್ದರೆ ನಾನು ತೂಕಡಿಸುತ್ತಿರಲಿಲ್ಲ!) 1897ರಲ್ಲಿ ರೈಲು ಓಡಿತು.

1910ರಲ್ಲಿ ಗೆಳೆಯ ಚಾರ್ಲ್ಸ್ ರೋಲ್ಸ್, ರೋಲ್ಸ್‌ರಾಯ್ಸ್ ಕಾರಿನ ರೋಲ್ಸ್, ವಿಮಾನ ಬಿದ್ದು ಸತ್ತ. ಕ್ಯಾಲ್ತ್ರಾಪ್ ಪ್ಯಾರಾಚೂಟ್ ರೂಪಿಸಲು ಹೊರಟ. ಮೊದಲ ಮಹಾಯುದ್ಧದಲ್ಲಿ ಅದನ್ನು ಗೂಢಚಾರರನ್ನು ಇಳಿಸಲು ಬಳಸಿದರು. ಬ್ರಿಟಿಷ್ ಯುದ್ಧವಿಮಾನಗಳ ಪೈಲಟ್‌ಗಳಿಗೆ ಕೊಡಲು ಮಾತ್ರ ಮೇಲಧಿಕಾರಿಗಳು ಒಪ್ಪಲಿಲ್ಲ. ಎಷ್ಟು ಹುಡುಗರು ಸುಮ್ಮನೆ ಸತ್ತರೋ! 1927ರಲ್ಲಿ ಆತನೂ ತೀರಿಕೊಂಡ.

ಮುಂದೆ ಮಿರಜ್, ಲಾತೂರ್‌ವರೆಗೂ ಬೆಳೆದ ಬಾರ್ಸಿ ಮಾರ್ಗ ಈಗ ಬ್ರಾಡ್‌ಗೇಜ್. ಅದೇ 762 ಮಿಲಿಮೀಟರ್ ಅಗಲದ ಹಳಿ ನೋಡಬೇಕೆಂದರೆ ಕಾಲ್ಕಾ–ಶಿಮ್ಲಾ ರೈಲು ಹತ್ತಬಹುದು.